ಲೋಬರ್ ಸಾಹೇಬರ ಮೇಲೆ ನಮ್ಮ ಗುಮಾನಿ

ಆ ಬೆಳಿಗ್ಗೆ ಅರಮನೆಯ ಹಿಂಭಾಗದ ಬ್ಯಾಂಡ್ ಸಾಲೆಯಲ್ಲಿ ನಾವೆಲ್ಲ ಕಾದು ಕುಳಿತಿದ್ದೆವು. ಮುಂದಿನ ಬೆಂಚಿನ ಮೇಲೆ ಅಸಿಸ್ಟೆಂಟ್ ಬ್ಯಾಂಡ್ ಮಾಸ್ಟರ್ ಸುಬ್ಬರಾಯರು. ತಲೆತಲಾಂತರದಿಂದ ಅರಮನೆಗೆ ವೀಣೆ ನುಡಿಸಿದ ಮನೆತನದವರು. ಜರಿಪೇಟದ ಒಂದು ಸುತ್ತೂ ಅಲುಗದಂತೆ ಕೂರುವುದು ಅವರಿಗೆ ಮಾತ್ರ ಬರುತ್ತಿತ್ತು. ಅವರ ಹಿಂದೆ ಕ್ಲಾರಿನೆಟ್ಟಿನವರು ನಾವು. ಹೆಚ್ಚು ಕಡಿಮೆ ಎಲ್ಲರೂ ಒಂದೇ ಚರ್ಚಿಗೆ ಹೋಗುವ ಕಥೋಲಿಕರು. ಕೊನೆಯಲ್ಲಿ, ಗೋಡೆಗೆ ಒರಗಿ, ದೊಡ್ಡ ಡ್ರಮ್ಮಿನ ಗೌಸ್ ಭಾಯಿ. ಮಂಡಿ ಮೊಹಲ್ಲಾದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ ಅಷ್ಟೆ. ಜರ್ಮನಿಯಿಂದ ಲೋಬರ್ ಎಂಬ ಹೊಸ ಬ್ಯಾಂಡ್ ಮಾಸ್ಟರು ಬರುತ್ತಾರೆಂದು ಅರಮನೆಯಿಂದ ಹೇಳಿಕಳಿಸಿದ್ದರು.

ಬಂದರು. ಎತ್ತರದ ಆಳು, ಕೆಂಪು ಮೀಸೆ, ಬಿಸಿಲಿಗೆ ಬೆಂದ ಮೂಗು. ಕೋಟು ಬಿಚ್ಚಿ, ಎದುರಿಗೆ ಕಂಡ ನನ್ನ ತೋಳಿನ ಮೇಲೆ ಹಾಕಿದರು. ನುಡಿಸಿ ಎಂದು ಯಾರಿಗೂ ಹೇಳಲಿಲ್ಲ. ಸಾಲಿನುದ್ದಕ್ಕೂ ನಡೆದು, ವಾದ್ಯಗಳಲ್ಲಿ ಬಾಯಿ ಇಡುವ ತುದಿಯನ್ನು ಒಂದೊಂದಾಗಿ ಬಿಚ್ಚಿಸಿ, ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ನನ್ನ ಕ್ಲಾರಿನೆಟ್ಟಿನ ತುದಿಯ ರೀಡೆಂಬ ತೆಳು ಪಟ್ಟಿಯ ಮೇಲೆ ಎಲೆ ಅಡಿಕೆಯ ಸುಣ್ಣ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ತೋರಿಸಿದರು. ಆಮೇಲೆ ಸುಬ್ಬರಾಯರ ಕಡೆ ತಿರುಗಿ ಇಂಗ್ಲೀಷಿನಲ್ಲಿ ಏನೋ ಹೇಳಿದರು. ರಾಯರು ಬಾಯಲ್ಲಿದ್ದ ತಾಂಬೂಲವನ್ನು ಕೆನ್ನೆಯ ಒಂದು ಕಡೆಗೆ ಸರಿಸಿಕೊಂಡು ಅದನ್ನು ನಮಗೆ ಕನ್ನಡಿಸಿದರು: "ಇವತ್ತಿನಿಂದ ಯಾರೂ ಎಲೆ ಅಡಿಕೆ ಹಾಕಿಕೊಂಡು ವಾದ್ಯ ಮುಟ್ಟಕೂಡದು."

ಹೊರಗೆ ಬಂದ ಮೇಲೆ ಗೌಸ್ ಭಾಯಿ ನನ್ನ ಬೆನ್ನು ತಟ್ಟಿ, "ಬ್ರಾಂಬ್ರು, ಕ್ರಿಸ್ತಾನ್ರು, ಸಾಬ್ರು, ಮೂರ್ ಜನಾನೂ ಒಂದೇ ದಿನ ಎದುರಾಕ್ಕೊಂಡ್ಬುಟ್ಟ ಕಣೋ ಚೌರಪ್ಪ. ಇಂಗ್ಲೀಷ್ನೋರ ಕೈಲೂ ಆಗದ ಕೆಲ್ಸ!" ಎಂದರು.

ಈಗ ಬ್ಯಾಂಡಿಗೆ ಸೇರುವ ಹುಡುಗರು ನನ್ನನ್ನು ಕಂಡರೆ ಬಡ್ತಿ ಹೇಗೆ, ಪಿಂಚಣಿ ಹೇಗೆ ಎಂದು ಕೇಳುತ್ತಾರೆ. ಅದನ್ನು ಕಚೇರಿಯಲ್ಲಿ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಗೊತ್ತಿರುವುದು ಈ ಕೆಲಸದ ಒಳಗಿನ ಸಂಗತಿ. ಅದನ್ನು ಲೋಬರ್ ಸಾಹೇಬರನ್ನು ಬಿಟ್ಟು ಹೇಳಲು ಬರುವುದಿಲ್ಲ.

ಮೊದಲನೆಯ ಮಾತು ಅವರು ಬಂದದ್ದೇಕೆ ಎಂಬುದು. ಅವರ ತಂದೆ ಸಣ್ಣ ಊರೊಂದರಲ್ಲಿ ಚರ್ಚಿನ ಆರ್ಗನ್ ರಿಪೇರಿ ಮಾಡುತ್ತಿದ್ದರಂತೆ. ಇವರು ಬಾಲ್ಯದಲ್ಲೇ ಪಿಯಾನೊ ಕಲಿತು, ದೊಡ್ಡ ಪಟ್ಟಣದ ನಾಟಕಶಾಲೆಯಲ್ಲಿ ವಾದ್ಯವೃಂದ ನಡೆಸಿ, ತಾವೇ ಕೃತಿ ಬರೆದು, ಹೆಸರು ತೆಗೆದವರು. ಅಷ್ಟಾದ ಮನುಷ್ಯ ಸಮುದ್ರ ದಾಟಿ ಮೈಸೂರಿಗೆ ಬರುತ್ತಾನೆಯೇ? ನಾವು ನಂಬಲಿಲ್ಲ. ಸುಬ್ಬರಾಯರು ಕೇಳಿದಾಗ, ಎದೆ ಸರಿಯಿಲ್ಲ, ಅಲ್ಲಿಯ ಚಳಿ ಆಗುವುದಿಲ್ಲ ಎಂದರಂತೆ. ಗೌಸ್ ಭಾಯಿಗೆ, ಹೆಂಡತಿ ತೀರಿಕೊಂಡಳು, ಆ ಊರಿನ ಬೀದಿಗಳಲ್ಲಿ ನಡೆಯಲಾಗಲಿಲ್ಲ ಎಂದರಂತೆ. ನನಗೆ ಹೇಳಿದ್ದೇ ಬೇರೆ: "ನಮ್ಮ ಊರಲ್ಲಿ ಬೀದಿಗೊಬ್ಬ ನನ್ನಂಥೋನು ಇದ್ದಾನೆ, ಕಣಯ್ಯ." ಕನ್ನಡವನ್ನು ನಮ್ಮ ಬಾಯಿಂದಲೇ ಕಲಿತಿದ್ದರಿಂದ ಯಾರನ್ನು ಕಂಡರೂ "ಕಣಯ್ಯ" ಅನ್ನುತ್ತಿದ್ದರು. ಮೂರು ಜನಕ್ಕೆ ಮೂರು ಮಾತು ಹೇಳಿದರೆಂದು ಊಟದ ಬಿಡುವಿನಲ್ಲಿ ನಾವು ತಲೆ ತಲೆ ಸೇರಿಸಿ ಪಿಸುಗುಟ್ಟಿದೆವು. ಮೂರೂ ನಿಜವಿರಬಹುದೆಂದು ಆಗ ಒಬ್ಬನಿಗಾದರೂ ಹೊಳೆಯಲಿಲ್ಲ.

ಕೆಲಸದ ರೀತಿ ಬುಡಮೇಲಾಯಿತು. ಹಿಂದಿನ ಮಾಸ್ಟರು ಸ್ವರ ಹಾಡುತ್ತಿದ್ದರು, ನಾವು ಕಿವಿಯಿಂದ ಹಿಡಿದು ನುಡಿಸುತ್ತಿದ್ದೆವು. ಒಬ್ಬ ತಪ್ಪಿದರೆ ಪಕ್ಕದವನೂ ಅವನ ಹಿಂದೆಯೇ ತಪ್ಪುತ್ತಿದ್ದ. ಒಟ್ಟಿಗೆ ತಪ್ಪಿದ್ದರಿಂದ ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ. ಸಾಹೇಬರು ಸ್ವರ ಬರೆದ ಐದು ಗೆರೆಯ ಕಾಗದ ತಂದು ಪ್ರತಿಯೊಬ್ಬನ ಮುಂದೆ ಇಟ್ಟರು. ಇನ್ನು ಮೇಲೆ ತಪ್ಪು ಯಾರದೋ ಅವನದೇ. ಅನೇಕರಿಗೆ ಸಿಟ್ಟು ಬಂದದ್ದು ಕಾಗದದ ಮೇಲಲ್ಲ, ಈ ಹೊಸ ನಿಯಮದ ಮೇಲೆ.

ಅವರು ನಮ್ಮ ಸಂಗೀತವನ್ನು ಕಲಿಯಲು ಹೊರಟಾಗ ಅನುಮಾನ ಇನ್ನೂ ಹೆಚ್ಚಿತು. ವಿದ್ವಾಂಸರನ್ನು ಬಂಗಲೆಗೆ ಕರೆಸಿ ವೀಣೆ ನುಡಿಸಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಮೋಹನ ರಾಗದ ಮೇಲೆ ಇಡೀ ಬ್ಯಾಂಡಿಗೆ ಒಂದು ದೊಡ್ಡ ಕೃತಿ ಬರೆದರು. ಅಭ್ಯಾಸದ ಮೊದಲ ದಿನವೇ ಸುಬ್ಬರಾಯರು ಎದ್ದು ನಿಂತರು.

"ಸಾರ್, ನಾಲ್ಕು ದನಿ ಒಟ್ಟಿಗೆ ಬಂದ್ರೆ ರಾಗ ಎಲ್ಲಿ ನಿಂತ್ಕೊಳ್ಳತ್ತೆ?"

"ಕೂತ್ಕೊಳ್ಳಲಿ ರಾಯರೆ," ಎಂದರು ಸಾಹೇಬರು. "ನಿಂತು ನಿಂತು ಅದಕ್ಕೂ ಸುಸ್ತಾಗಿದೆ."

ನಾವು ನಕ್ಕೆವು. ರಾಯರು ನಗಲಿಲ್ಲ. ಅಂದಿನಿಂದ ಅವರಿಬ್ಬರ ನಡುವೆ ಮರ್ಯಾದೆ ಇತ್ತು, ಮಾತು ಕಡಿಮೆಯಾಯಿತು. ಸಾಹೇಬರು ಬಾರದೆ ಇದ್ದಿದ್ದರೆ ಮಾಸ್ಟರ ಜಾಗಕ್ಕೆ ರಾಯರೇ ಬರುತ್ತಿದ್ದರೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಶಾಮಿಯಾನದ ಪ್ರಸಂಗ ಅದಾದ ಮೇಲಿನದು. ಅರಮನೆಯ ತೋಟದಲ್ಲಿ ಹಗಲಿನ ಸತ್ಕಾರ. ಬಿಸಿಲು ಸುಡುತ್ತಿತ್ತು. ಮೇಲ್ವಿಚಾರಕರೊಬ್ಬರು ಕನಿಕರಪಟ್ಟು ಅರ್ಧ ಬ್ಯಾಂಡಿನ ಮೇಲೆ ಶಾಮಿಯಾನ ಕಟ್ಟಿಸಿದರು. ವಯಸ್ಸಾದವರು ಅದರಡಿಗೆ ಸೇರಿಕೊಂಡರು. ನೆರಳಲ್ಲಿ ನಮ್ಮ ಕ್ಲಾರಿನೆಟ್ಟು, ಹೊರಗೆ ಬಿಸಿಲಲ್ಲಿ ಹಿತ್ತಾಳೆಯ ಊದುವಾದ್ಯಗಳು. ವಾದ್ಯ ಕಾದಂತೆ ಅದರ ಶ್ರುತಿ ಏರುತ್ತದೆ. ಎರಡನೆಯ ಕೃತಿಯ ಹೊತ್ತಿಗೆ ನೆರಳಿನವರು ಒಂದು ಶ್ರುತಿ, ಬಿಸಿಲಿನವರು ಇನ್ನೊಂದು. ಸಾಹೇಬರು ತಾಳ ತೋರಿಸುವ ಕೋಲು ಇಟ್ಟವರೇ ಶಾಮಿಯಾನದ ಹಗ್ಗಕ್ಕೆ ಕೈ ಹಾಕಿ ಎಳೆದುಬಿಟ್ಟರು. ಅತಿಥಿಗಳ ಎದುರಿಗೇ ಬಟ್ಟೆ ದಬಕ್ಕನೆ ನಮ್ಮ ತಲೆಯ ಮೇಲೆ ಬಿತ್ತು. ನಾವು ಅದರಿಂದ ಹೊರಬಂದು ಬಿಸಿಲಲ್ಲಿ ನಿಂತು ನುಡಿಸಿದೆವು. ಶ್ರುತಿ ಕೂಡಿತು. ಆದರೆ ಅರಮನೆಯ ಶಾಮಿಯಾನವನ್ನು ಜರ್ಮನಿಯವನು ಕಿತ್ತು ಹಾಕಿದನೆಂಬ ಸುದ್ದಿ ಸಂಜೆಯೊಳಗೆ ದೊಡ್ಡ ಮಾರ್ಕೆಟ್ಟಿನಿಂದ ವಿದ್ಯಾರಣ್ಯಪುರದ ಕಡೆಯ ತೋಟಗಳವರೆಗೂ ಮುಟ್ಟಿತು. ಹುಡುಗರೆ, ಇದೊಂದನ್ನು ನೆನಪಿಡಿ: ಬಿಸಿಲಾದರೆ ಎಲ್ಲರೂ ಬಿಸಿಲಲ್ಲಿ, ನೆರಳಾದರೆ ಎಲ್ಲರೂ ನೆರಳಲ್ಲಿ. ಕನಿಕರಪಡುವವರು ಬಂದರೆ ಕೈಮುಗಿದು ಕಳಿಸಿ.

ಇನ್ನು ಕರವಸ್ತ್ರದ ಸಂಗತಿ. ಬಯಲಿನಲ್ಲಿ ನುಡಿಸುವ ಬ್ಯಾಂಡು ಹತ್ತಿರದಿಂದ ಕೇಳುವುದೇ ಬೇರೆ, ದೂರದಿಂದ ಕೇಳುವುದೇ ಬೇರೆ. ದಸರೆಯ ಮೆರವಣಿಗೆಯಲ್ಲಿ ಜನ ದೂರದಲ್ಲಿರುತ್ತಾರೆ. ಆದ್ದರಿಂದ ಮೈದಾನದ ಅಭ್ಯಾಸದ ದಿನಗಳಲ್ಲಿ ಸಾಹೇಬರು ಕೋಲನ್ನು ಸುಬ್ಬರಾಯರ ಕೈಗೆ ಕೊಟ್ಟು, ತಾವು ಮೈದಾನದ ಇನ್ನೊಂದು ತುದಿಯ ಹೊಂಗೆಮರದ ಕೆಳಗೆ ಹೋಗಿ ನಿಲ್ಲುತ್ತಿದ್ದರು. ಕೂಗಿದರೆ ಕೇಳದಷ್ಟು ದೂರ. ಅದಕ್ಕೆ ದೊಡ್ಡ ಬಿಳಿ ಕರವಸ್ತ್ರ ಇಟ್ಟುಕೊಂಡಿದ್ದರು. ಹಣೆಯವರೆಗೆ ಎತ್ತಿದರೆ ಶುರು ಮಾಡಬೇಕು. ತಲೆಯ ಮೇಲೆ ಬೀಸಿದರೆ ಜೋರು. ಸೊಂಟದ ಕೆಳಗೆ ಇಳಿಸಿದರೆ ಮೆಲ್ಲಗೆ. ಜೇಬಿಗೆ ಹಾಕಿಕೊಂಡರೆ ನಿಲ್ಲಿಸಬೇಕು. ವರ್ಷಗಟ್ಟಲೆ ಹೀಗೆ ನಡೆದು, ಆ ಮರದ ಕೆಳಗೆ ಬೆಳ್ಳಗೆ ಏನಾದರೂ ಅಲುಗಿದರೆ ನಮ್ಮ ಉಸಿರು ತಾನಾಗಿ ವಾದ್ಯಕ್ಕೆ ಇಳಿಯುತ್ತಿತ್ತು.

ಆಗ ಯುದ್ಧ ಬಂತು.

ಇಂಗ್ಲೀಷರಿಗೂ ಜರ್ಮನರಿಗೂ ಯುದ್ಧವೆಂದರೆ ಲೋಬರ್ ಸಾಹೇಬರು ಒಂದೇ ದಿನದಲ್ಲಿ ಶತ್ರುದೇಶದವರಾದರು. ಬೇರೆ ಊರುಗಳ ಜರ್ಮನರನ್ನು, ಪಾದ್ರಿಗಳೆಂದೂ ನೋಡದೆ, ಹಿಡಿದು ಉತ್ತರದ ಸೆರೆ ಶಿಬಿರಕ್ಕೆ ಸಾಗಿಸುತ್ತಿದ್ದಾರೆಂದು ಸುದ್ದಿ. ಅರಮನೆಯ ನೌಕರರೆಂಬ ಕಾರಣಕ್ಕೆ ಇವರನ್ನು ತಕ್ಷಣ ಮುಟ್ಟಲಿಲ್ಲ. ಆದರೆ ಯಾರೋ ಒಬ್ಬರು ಹೋಗಿ ಪೊಲೀಸರಿಗೆ ಹೇಳಿದರು: ಆ ಜರ್ಮನಿಯವನು ಮರದ ಕೆಳಗೆ ನಿಂತು ಬಿಳಿ ಬಟ್ಟೆ ಬೀಸುತ್ತಾನೆ, ಅಲ್ಲಿಂದ ನೆಟ್ಟಗೆ ಚಾಮುಂಡಿ ಬೆಟ್ಟ ಕಾಣುತ್ತದೆ, ಬೆಟ್ಟದ ಮೇಲೆ ಯಾರಿದ್ದಾರೋ ದೇವರಿಗೇ ಗೊತ್ತು.

ಪೊಲೀಸ್ ಇನ್ಸ್‌ಪೆಕ್ಟರೊಬ್ಬರು ವಿಚಾರಣೆಗೆ ಬಂದರು. ದಪ್ಪ ಮೈ, ಸಣ್ಣ ದನಿ. ಕೇಳಿದ್ದನ್ನೇ ಎರಡು ಸಲ ಕೇಳುವ ಅಭ್ಯಾಸ. ಸಾಲೆಯ ಪಕ್ಕದ ಕೋಣೆಗೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದರು. ಒಳಗೆ ಹೋದವನು ಅಲ್ಲಿ ಏನು ಹೇಳಿದನೆಂದು ಹೊರಗೆ ಬಂದು ಯಾರಿಗೂ ಹೇಳಲಿಲ್ಲ. ಅದರಿಂದ ಉಳಿದವರ ಅನುಮಾನ ಇಮ್ಮಡಿಯಾಯಿತು. ನನ್ನ ಸರದಿ ಬಂದಾಗ, "ಕರವಸ್ತ್ರ ಯಾರಿಗೆ ತೋರಿಸ್ತಾರೆ?" ಎಂದರು. "ನಮಗೆ ಸ್ವಾಮಿ" ಎಂದೆ. "ನಿಮಗೇನಾ? ಅಥವಾ ನಿಮಗೂನಾ?" ಎಂದರು. ನನ್ನ ಬೆನ್ನ ಹಿಂದೆ ಬೆಟ್ಟವಿತ್ತೆಂಬುದು ಸುಳ್ಳೇನಲ್ಲ. "ಬೆಟ್ಟದ ಕಡೆಗೆ ನಾವು ಬೆನ್ನು ಮಾಡಿ ಕೂತಿರ್ತೀವಿ ಸ್ವಾಮಿ, ಅಲ್ಲಿ ಏನಿದೆಯೋ ನೋಡಿಲ್ಲ" ಎಂದೆ. ಇನ್ಸ್‌ಪೆಕ್ಟರು ಅದನ್ನು ಬರೆದುಕೊಂಡರು.

ಸುಬ್ಬರಾಯರನ್ನು ಬಹಳ ಹೊತ್ತು ಕೂರಿಸಿಕೊಂಡಿದ್ದರು. ಅವರು ಏನು ಹೇಳಿದರೆಂಬುದು ಮಾತ್ರ ನಮಗೆ ತಿಳಿಯಿತು, ಏಕೆಂದರೆ ಅವರೇ ಹೊರಗೆ ಬಂದು ಗಟ್ಟಿಯಾಗಿ ಹೇಳಿದರು: "ಬ್ಯಾಂಡ್ ಮಾಸ್ಟರ ಜಾಗ ಬ್ಯಾಂಡಿನ ಮುಂದೆ. ಆ ಬಟ್ಟೆಯ ಸನ್ನೆಗಿನ್ನೆ ನನಗೆ ಗೊತ್ತಿಲ್ಲ ಅಂತ ಹೇಳಿದೀನಿ. ನನ್ನ ಕೆಲಸ ತಾಳ ಹಾಕೋದು."

ಗೌಸ್ ಭಾಯಿ ಅಂದು ಮನೆಯ ದಾರಿಯಲ್ಲಿ ನನ್ನ ಜೊತೆ ನಡೆಯಲಿಲ್ಲ. ಮರುದಿನ ನಾನೇ ಕೇಳಿದೆ.

"ಯಾಕೆ ಭಾಯಿ, ಗೋಡೆ ಎತ್ತರ ಆಯ್ತಾ?"

"ನೀನು ಒಳಗಡೆ ಬಾಳಾ ಒತ್ತು ಇದ್ದೆ," ಎಂದರು ನನ್ನ ಮುಖ ನೋಡದೆ.

"ನೀವೂ ಇದ್ರಿ."

"ನನ್ನನ್ನ ಡ್ರಮ್ಮಿನ ಒಳಗೇನಿದೆ ಅಂತ ಕೇಳ್ದ ಕಣೋ. ಗಾಳಿ ಅಂದೆ. ನಂಬ್ಲಿಲ್ಲ. ಬಿಚ್ಚಿಸ್ಬುಟ್ಟ. ಚರ್ಮ ಮತ್ತೆ ಬಿಗಿಯೋಕೆ ಅಷ್ಟೊತ್ತಾಯ್ತು."

ಹಾಗೆ ನಾವಿಬ್ಬರೂ ರಾಜಿಯಾದೆವು. ಆದರೆ ಮಾತಾಡುವಾಗ ಅಕ್ಕಪಕ್ಕ ನೋಡುವ ಅಭ್ಯಾಸ ಅಲ್ಲಿಂದ ಶುರುವಾದದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸಾಹೇಬರಿಗೆ ಮನೆಯಿಂದ ಹೊರಡಬಾರದೆಂದು ತಾಕೀತಾಯಿತು. ವರದಿ ಮೇಲಕ್ಕೆ ಹೋದರೆ ಶಿಬಿರವೇ ಗತಿ ಎಂದು ಕಚೇರಿಯ ಗುಮಾಸ್ತರು ಹೇಳಿದರು. ದಸರೆ ಹತ್ತಿರ ಬಂದಿತ್ತು. ಆ ವರ್ಷ ಮತ್ತೆ ಕೈಗೆತ್ತಿಕೊಂಡಿದ್ದ ಮೋಹನದ ಕೃತಿ ಅರ್ಧ ಕಲಿತು ನಿಂತಿತ್ತು. ಎದೆ ಸರಿಯಿಲ್ಲದ ಮನುಷ್ಯ, ಅಲ್ಲಿ ಮುಳ್ಳುತಂತಿಯ ಒಳಗೆ, ಉತ್ತರದ ಚಳಿಗಾಲದಲ್ಲಿ ಹೇಗೆ ಬದುಕುತ್ತಾನೆಂದು ನನ್ನ ಹೆಂಡತಿ ಕೇಳಿದಳು. ಎದೆ ಸರಿಯಿಲ್ಲವೆಂಬುದನ್ನೇ ಒಂದು ಕಾಲದಲ್ಲಿ ನಂಬದೆ ನಕ್ಕವರು ನಾವು.

ವರದಿ ಬರೆಯುವ ಮೊದಲು ಇನ್ಸ್‌ಪೆಕ್ಟರು ಜಾಗ ನೋಡಬೇಕೆಂದರು. ಬೆಳಗಿನ ಬಿಸಿಲು ಏರಿದ ಮೇಲೆ ನಮ್ಮನ್ನೆಲ್ಲ ಮೈದಾನದಲ್ಲಿ, ಅಭ್ಯಾಸಕ್ಕೆ ಕೂರುವ ಹಾಗೆಯೇ, ವಾದ್ಯ ಹಿಡಿದು ಕೂರಿಸಿದರು. ಸುಬ್ಬರಾಯರು ಕೋಲು ಹಿಡಿದು, ಬ್ಯಾಂಡೂ ಮರವೂ ಕಾಣುವ ಹಾಗೆ, ಪಕ್ಕದ ಕಟ್ಟೆಯ ಮೇಲೆ ಎಂದಿನಂತೆ ನಿಂತರು.

"ಯಾರೂ ಏನೂ ನುಡಿಸಬೇಡಿ," ಎಂದರು ಇನ್ಸ್‌ಪೆಕ್ಟರು. "ಆ ಮರದ ಹತ್ತಿರ ಹೋಗಿ, ಅಲ್ಲಿಂದ ಬೆಟ್ಟ ಎಷ್ಟು ಕಾಣುತ್ತೆ ಅಂತ ನೋಡಿ ಬರ್ತೀನಿ. ಏನೂ ನುಡಿಸಬೇಡಿ."

ಹೇಳಿದ್ದನ್ನು ಎರಡು ಸಲ ಹೇಳಿಯೇ ಹೊರಟರು. ಮೈದಾನ ಸಣ್ಣದಲ್ಲ. ದಪ್ಪ ಮೈ, ಬಿಗಿಯಾದ ಖಾಕಿ, ತಲೆಯ ಮೇಲೆ ಬಿಸಿಲು. ಮರದ ಕೆಳಗೆ ಸೇರಿದರು. ಬೆಟ್ಟದ ಕಡೆ ನೋಡಿದರು. ಟೊಪ್ಪಿ ತೆಗೆದರು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಇಡೀ ಬ್ಯಾಂಡು ಒಂದೇ ಏಟಿಗೆ ಮೋಹನದ ಮೊದಲ ಸ್ವರ ಹಿಡಿಯಿತು.

ನಾನು ಬೇಕೆಂದು ಊದಿದೆನೇ ಎಂದು ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ನನ್ನ ಕ್ಲಾರಿನೆಟ್ಟು ಕೂಗುವುದು ನನ್ನ ಕಿವಿಗೆ ಬಿದ್ದ ಮೇಲೆಯೇ ನಾನು ಊದುತ್ತಿದ್ದೇನೆಂದು ನನಗೆ ಗೊತ್ತಾದದ್ದು. ಅಲ್ಲಿ ಮರದ ಕೆಳಗೆ ಇನ್ಸ್‌ಪೆಕ್ಟರು ಬೆಚ್ಚಿಬಿದ್ದು, ನಿಲ್ಲಿಸಿ ನಿಲ್ಲಿಸಿ ಎಂದು ಎರಡು ಕೈಯನ್ನೂ ತಲೆಯ ಮೇಲೆ ಬೀಸಿದರು. ಒಂದು ಕೈಯಲ್ಲಿ ಕರವಸ್ತ್ರ ಹಾಗೇ ಇತ್ತು. ಗೌಸ್ ಭಾಯಿ ಡ್ರಮ್ಮು ಒಡೆದುಹೋಗುವ ಹಾಗೆ ಬಾರಿಸಿದರು. ಇನ್ಸ್‌ಪೆಕ್ಟರು ಓಡತೊಡಗಿದರು. ಓಡುವಾಗ ಕೈ ಕೆಳಗಿಳಿಯಿತು, ನಮ್ಮ ದನಿಯೂ ಮೆಲ್ಲಗಾಯಿತು. ಅರ್ಧ ಮೈದಾನಕ್ಕೆ ಬಂದು, ದಮ್ಮು ಕಟ್ಟಿ, ನಿಂತರು. ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು. ನಮ್ಮನ್ನು ನೋಡಿದರು. ನಿಧಾನವಾಗಿ ಅದನ್ನು ಜೇಬಿಗೆ ಹಾಕಿಕೊಂಡರು.

ಬ್ಯಾಂಡು ಕತ್ತರಿಸಿದ ಹಾಗೆ ನಿಂತಿತು.

ಆಗ ನಾವೆಲ್ಲ ತಿರುಗಿ ನೋಡಿದ್ದು ಸುಬ್ಬರಾಯರ ಕಡೆಗೆ. ಅವರ ಬಲಗೈ ಕೋಲಿನ ಜೊತೆ ಇನ್ನೂ ಮೇಲೆಯೇ ಇತ್ತು. ಮೊದಲ ಸ್ವರದಿಂದ ಕೊನೆಯವರೆಗೂ ಅವರು ತಾಳ ಹಾಕಿದ್ದರು, ಜೋರಿಗೆ ಜೋರು, ಮೆಲ್ಲಗೆ ಮೆಲ್ಲಗೆ.

ಇನ್ಸ್‌ಪೆಕ್ಟರು ಬೆವರು ಸುರಿಸುತ್ತ ಬಂದು, "ಏನು ರಾಯರೆ, ಸನ್ನೆ ಗೊತ್ತಿಲ್ಲ ಅಂದಿದ್ರಿ?" ಎಂದರು.

ರಾಯರು ಕೋಲು ಕೆಳಗಿಟ್ಟರು. ಪೇಟವನ್ನು ಸರಿಮಾಡಿಕೊಂಡರು, ಅದು ಸರಿಯಾಗಿಯೇ ಇದ್ದರೂ. "ನನಗೆ ಗೊತ್ತಿರಲಿಲ್ಲ ಸ್ವಾಮಿ. ಕೈಗೆ ಗೊತ್ತಿದ್ದ ಹಾಗಿದೆ," ಎಂದರು. ಆಮೇಲೆ, ಯಾರೂ ಕೇಳದೆಯೇ, "ಆ ಮನುಷ್ಯ ಬಟ್ಟೆ ಬೀಸೋದು ನಮಗೇನೇ. ಹಾಗಂತ ನನ್ನ ಹೆಸರಲ್ಲಿ ಬರೆದುಕೊಳ್ಳಿ," ಎಂದರು.

"ಬರ್ಕೊಳ್ತೀನಿ. ಆದರೆ ನೀವೆಲ್ಲ ಸೇರಿ ಮೊದಲೇ ಮಾತಾಡಿಕೊಂಡು ಹೂಡಿದ ಆಟ ಇದಲ್ಲ ಅಂತ ನಾನು ಹೇಗೆ ನಂಬಲಿ?"

"ಬೆವರು ನಿಮ್ದು, ಬಟ್ಟೆ ನಿಮ್ದು, ಒರ್ಸ್ಕೊಂಡೋರು ನೀವು," ಎಂದರು ಗೌಸ್ ಭಾಯಿ ಹಿಂದಿನಿಂದ. "ನಮ್ದೇನೈತೆ ಬುದ್ಧಿ ಇದ್ರಲ್ಲಿ?"

ಇನ್ಸ್‌ಪೆಕ್ಟರು ನಗಲಿಲ್ಲ. ಹೋಗುವಾಗ ಮರದ ಕಡೆಗೊಮ್ಮೆ, ಬೆಟ್ಟದ ಕಡೆಗೊಮ್ಮೆ ನೋಡಿಕೊಂಡೇ ಹೋದರು.

ಸಾಹೇಬರು ಶಿಬಿರಕ್ಕೆ ಹೋಗಲಿಲ್ಲ. ಯುದ್ಧ ಮುಗಿಯುವವರೆಗೆ ಊರಿನ ಎಲ್ಲೆ ದಾಟಕೂಡದು, ಅಭ್ಯಾಸದ ಹೊತ್ತಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಹತ್ತಿರವಿರಬೇಕು ಎಂದು ಹುಕುಂ ಆಯಿತು. ಆ ದಸರೆಗೆ ಮೋಹನದ ಕೃತಿ ನುಡಿಸಿದೆವು. ಜನ ಮೆಚ್ಚಿದರು. ಆದರೆ ಸಾಹೇಬರು ಮತ್ತೆ ಮರದ ಕೆಳಗೆ ಹೋಗಲಿಲ್ಲ. ಬ್ಯಾಂಡಿನ ಮುಂದೆಯೇ ನಿಂತು, ದೂರದಿಂದ ಹೇಗೆ ಕೇಳಿಸುತ್ತದೆಂದು ಊಹಿಸಿಕೊಂಡು ನಡೆಸಿದರು. ಕೋಟನ್ನು ಯಾರ ತೋಳಿಗೂ ಕೊಡದೆ ತಾವೇ ಮೊಳೆಗೆ ತಗುಲಿಸುವುದನ್ನು ಕಲಿತರು. ಪೊಲೀಸರಿಗೆ ಯಾರು ಹೇಳಿದ್ದು ಎಂದು ಒಂದು ದಿನವೂ ಕೇಳಲಿಲ್ಲ. ಅಭ್ಯಾಸದ ನಡುವೆ ಒಬ್ಬೊಬ್ಬನ ಮುಖವನ್ನೂ ಸುಮ್ಮನೆ ನೋಡುತ್ತಿದ್ದರು, ನಾವು ಕಾಗದದ ಕಡೆ ಕಣ್ಣು ಇಳಿಸುತ್ತಿದ್ದೆವು. ಹೇಳಿದವರು ರಾಯರೆಂದು ಕೆಲವರು, ನಾನೆಂದು ಕೆಲವರು, ತೋಟದ ಮಾಲಿಯೆಂದು ಕೆಲವರು. ಇವತ್ತಿನವರೆಗೂ ಗೊತ್ತಾಗಿಲ್ಲ. ರಾಯರು ಮಾತ್ರ ಆ ವರ್ಷದಿಂದ ಪ್ರತಿ ಹಬ್ಬಕ್ಕೂ ತಮ್ಮ ಮನೆಯ ಒಬ್ಬಟ್ಟನ್ನು ಬಂಗಲೆಗೆ ತಾವೇ ಹೊತ್ತುಕೊಂಡು ಹೋಗುತ್ತಿದ್ದರು. ಅದನ್ನು ಕೆಲವರು ಪಶ್ಚಾತ್ತಾಪವೆಂದರು, ಕೆಲವರು ಮರ್ಯಾದೆಯೆಂದರು. ಒಬ್ಬಟ್ಟು ಹೊತ್ತವರನ್ನು ನೋಡಿಯೂ ಅನುಮಾನಪಡುವಷ್ಟು ದೂರ ನಾವು ಬಂದುಬಿಟ್ಟಿದ್ದೆವು.

ಯುದ್ಧ ಮುಗಿದು ಕೆಲವು ತಿಂಗಳಾದ ಮೇಲೆ ಊರಿನ ಎಲ್ಲೆ ದಾಟಬಾರದೆಂಬ ನಿರ್ಬಂಧ ತೆಗೆದ ಹುಕುಂ ಬಂತು. ಆ ಬೆಳಿಗ್ಗೆ ಸಾಹೇಬರು ಜಟಕಾ ತರಿಸಿ, ಸಾಲೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು "ಬಾ ಕಣಯ್ಯ" ಎಂದು ಕರೆದು ಕೂರಿಸಿಕೊಂಡರು. ಎಲ್ಲಿಗೆಂದು ಹೇಳಲಿಲ್ಲ. ಜಟಕಾ ಬೋಗಾದಿಯ ದಾರಿ ಹಿಡಿಯಿತು. ಬೋಗಾದಿ ಆಗ ಹೊಲಗಳ ನಡುವಿನ ಹಳ್ಳಿ. ದಾರಿಯುದ್ದಕ್ಕೂ ಅವರು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದರು.

"ಊರು ಎಲ್ಲಿ ಮುಗೀತದೆ?" ಎಂದು ಜಟಕಾದವನನ್ನು ಕೇಳಿದರು.

"ಮುಗ್ದು ಆಗ್ಲೇ ಒತ್ತಾಯ್ತು ಬುದ್ಧಿ."

ಗಾಡಿ ನಿಲ್ಲಿಸಿ ಇಳಿದರು. ರಾಗಿ ಹೊಲದ ಬದುವಿನ ಮೇಲೆ ಸ್ವಲ್ಪ ದೂರ ನಡೆದರು. ಹೊಲದಲ್ಲಿದ್ದ ಹೆಂಗಸೊಬ್ಬಳು ಮಜ್ಜಿಗೆ ಕೊಟ್ಟಳು. ನಿಂತುಕೊಂಡೇ ಕುಡಿದು ಚೊಂಬು ಹಿಂದಿರುಗಿಸಿದರು.

"ಮುಂದೆ ಏನಿದೆ ಚೌರಪ್ಪ?"

"ಹೊಲ, ಸಾರ್."

"ಆಮೇಲೆ?"

"ಇನ್ನೊಂದು ಹಳ್ಳಿ."

"ಸರಿ" ಎಂದರು. ಮತ್ತೊಮ್ಮೆ ಹಿಂದಿನ ದಾರಿಯ ಕಡೆ ನೋಡಿದರು. ಕಾನ್‌ಸ್ಟೇಬಲ್ ಆಗಲಿ ಬೇರೆ ಯಾರೇ ಆಗಲಿ ಇರಲಿಲ್ಲ. ಜಟಕಾ ತಿರುಗಿಸಲು ಹೇಳಿದರು, ಮಧ್ಯಾಹ್ನದ ಅಭ್ಯಾಸಕ್ಕೆ ಸರಿಯಾಗಿ ಸಾಲೆ ಮುಟ್ಟಿದೆವು.